ಕುದಿಸಿದ ನೀರೇ ಕುಡಿದರೂ ಮನೆಯಲ್ಲಿ ಮೂವರಿಗೆ ಆಮಶಂಕೆ, ಹೇಗೆ?

ಪ್ರಶ್ನೆ (ಕಾಪು ಕಡೆಯ ಗೃಹಿಣಿ): ನಮಸ್ಕಾರ ಡಾಕ್ಟ್ರೇ. ಮೊದಲು ಚಿಕ್ಕ ಮಗನಿಗೆ ಜ್ವರ, ಹೊಟ್ಟೆ ಹಿಂಡುವ ನೋವು, ಭೇದಿ. ಮರುದಿನ ಲೋಳೆ, ರಕ್ತ. ಮಲ ಪರೀಕ್ಷೆಯಲ್ಲಿ ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಅಂತ ಬಂತು. ಅವನು ಮದ್ದಿನಲ್ಲಿ ಹುಷಾರಾದ. ಎರಡು ದಿನ ಬಿಟ್ಟು ಮಗಳಿಗೆ, ಅತ್ತೆಗೆ ಶುರು. ನಾವು ಬಾವಿ ನೀರನ್ನು ಕುದಿಸದೆ ಕುಡಿಯುವುದೇ ಇಲ್ಲ. ಮತ್ತೆ ಇದು ಎಲ್ಲಿಂದ?

ಉತ್ತರ (ವೈದ್ಯರು): ಮಗನಿಗೆ ಎಲ್ಲಿಂದ ಬಂತೋ ಹೇಳುವುದು ಕಷ್ಟ. ಉಳಿದ ಇಬ್ಬರಿಗೆ ಬಂದದ್ದು ಕೈಯಿಂದ ಅಂತ ನನ್ನ ಅನುಮಾನ. ಕಾಲರಾ ಬರಲು ಸಾಮಾನ್ಯವಾಗಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಬೇಕು. ಶಿಗೆಲ್ಲಕ್ಕೆ 10ರಿಂದ 100 ಸಾಕು! ಹೊಟ್ಟೆಯ ಆಮ್ಲಕ್ಕೂ ಅದು ಸುಲಭದಲ್ಲಿ ಸಾಯುವುದಿಲ್ಲ.

ಆಮೇಲೆ ಅದು ಮಾಡುವ ಕಿತಾಪತಿ ನೋಡಿ. ದೊಡ್ಡ ಕರುಳಿನ ಗೋಡೆಯಲ್ಲಿ ಎಂ ಕೋಶಗಳಿವೆ. ಕರುಳಲ್ಲಿ ಹಾದುಹೋಗುವುದನ್ನು ಚೂರು ಹಿಡಿದು ಒಳಗಿನ ರಕ್ಷಣಾ ಕೋಶಗಳಿಗೆ ದಾಟಿಸುವುದು ಅವುಗಳ ಕೆಲಸ. ಶಿಗೆಲ್ಲ ಆ ಬಾಗಿಲಲ್ಲೇ ನುಗ್ಗುತ್ತದೆ. ತನ್ನನ್ನು ನುಂಗಿದ ರಕ್ಷಣಾ ಕೋಶವನ್ನೇ ಕೊಂದು ಹೊರಬಂದು, ಗೋಡೆಯ ಕೋಶಗಳನ್ನು ಹಿಂಬಾಗಿಲಿನಿಂದ ಹೊಗುತ್ತದೆ. ಅದಕ್ಕೆ ಈಜುವ ಬಾಲವಿಲ್ಲ. ನಮ್ಮದೇ ಕೋಶದ ಆಕ್ಟಿನ್ ಪ್ರೋಟೀನನ್ನು ಬಾಲದ ಹಾಗೆ ಕಟ್ಟಿಕೊಂಡು ಪಕ್ಕದ ಕೋಶಕ್ಕೆ ದಾಟುತ್ತದೆ. ಹೀಗೆ ಕೋಶಗಳು ಸತ್ತು ಹುಣ್ಣಾಗುತ್ತದೆ. ನೀವು ಕಂಡ ರಕ್ತ ಅಲ್ಲಿಯದು. ಜಪಾನಿನ ಕಿಯೋಶಿ ಶಿಗಾ 1897ರಲ್ಲೇ ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದಿದ್ದರು, ಹೆಸರು ಬಂದದ್ದು ಅವರಿಂದ.

ಈಗ ನನ್ನದೊಂದು ಪ್ರಶ್ನೆ. ಮಗನಿಗೆ ತೊಳೆಸಿದ್ದು ಯಾರು? ಕುದಿಸಿದ ನೀರನ್ನು ಪಾತ್ರೆಯಿಂದ ಹೇಗೆ ತೆಗೆಯುತ್ತೀರಿ?

ಗೃಹಿಣಿ: ಹೆಚ್ಚಾಗಿ ಅತ್ತೆಯೇ ತೊಳೆಸುವುದು. ನೀರು... ಎಲ್ಲರೂ ಲೋಟ ಅದ್ದುತ್ತೇವೆ. ಅಯ್ಯೋ!

ವೈದ್ಯರು: ಅದೇ ಅಲ್ವಾ. ಲೋಟದ ಜೊತೆ ಬೆರಳೂ ಮುಳುಗುತ್ತದೆ. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ನಲ್ಲಿ ಇರುವ ಪಾತ್ರೆ ತನ್ನಿ. ಮಗ ಹುಷಾರಾದರೂ ಕೆಲವು ವಾರ ಅವನ ಮಲದಲ್ಲಿ ಬ್ಯಾಕ್ಟೀರಿಯಾ ಇರಬಹುದು. ತೊಳೆಸಿದ ಮೇಲೆ ಸುಮ್ನೆ ನೀರು ಹಾಕಿಕೊಂಡರೆ ಸಾಲದು, ಸೋಪು ಬೇಕೇ ಬೇಕು.

ಇನ್ನೊಬ್ಬರು (ಸುರತ್ಕಲ್): ನಮ್ಮಲ್ಲಿ ಹಳೆಯ ಮೆಟ್ರೊನಿಡಜೋಲ್ ಉಳಿದಿದೆ. ರಕ್ತಭೇದಿಗೆ ಕೊಡಬಹುದಾ?

ವೈದ್ಯರು: ಬೇಡ ಮಾರಾಯ್ರೆ. ಅದು ಅಮೀಬಾದ ಆಮಶಂಕೆಗೆ. ಶಿಗೆಲ್ಲಕ್ಕೆ ಅದು ನಾಟುವುದಿಲ್ಲ. ಭೇದಿ ನಿಲ್ಲಿಸುವ ಲೋಪೆರಮೈಡ್ ಕೂಡ ರಕ್ತ ಹೋಗುವಾಗ ಬೇಡ. ಶಿಗೆಲ್ಲ ಎಷ್ಟೋ ಆಂಟಿಬಯೋಟಿಕ್‌ಗಳಿಗೆ ಬಗ್ಗದಂತಾಗಿದೆ, ಹಾಗಾಗಿ ಮಲ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಓಆರ್‌ಎಸ್, ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿ. ಕಾಪುವಿನವರೇ, ಅತ್ತೆಗೆ ಮೂತ್ರ ಕಡಿಮೆಯಾದರೆ, ಮಂಪರು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗೃಹಿಣಿ: ಆಯ್ತು ಡಾಕ್ಟ್ರೇ. ಈಗಷ್ಟೇ ಅರ್ಧ ಲೋಟ ಓಆರ್‌ಎಸ್ ಕುಡಿದರು. ರುಚಿಯಿಲ್ಲ ಅಂತ ಬೈಯುತ್ತಿದ್ದಾರೆ.