ಕಾಡಿಲಿ ಬೆರಳಿಗೆ ಕಚ್ಚಿದೆ, ಡಾಕ್ಟರ್ ಹತ್ತಿರ ಹೋಗಲೇಬೇಕಾ?

ಪ್ರಶ್ನೆ:
ಬೆಳಿಗ್ಗೆ ಸೌದೆ ರಾಶಿ ಸರಿಸುವಾಗ ಒಳಗಿದ್ದ ಕಾಡಿಲಿ ಬಲಗೈ ತೋರುಬೆರಳಿಗೆ ಕಚ್ಚಿತು. ಉಗುರಿನ ಪಕ್ಕ ಸೂಜಿ ಚುಚ್ಚಿದ ಹಾಗೆ ಎರಡು ತೂತು. ಮೂರ್ನಾಲ್ಕು ಹನಿ ರಕ್ತ ಬಂದು ನಿಂತಿತು. ನೀರಲ್ಲಿ ತೊಳೆದು ಬ್ಯಾಂಡೇಜ್ ಸುತ್ತಿದ್ದೇನೆ. ಈಗ ನೋವಿಲ್ಲ, ಆದರೆ ರೇಬೀಸ್ ಭಯ ಬಿಡುತ್ತಿಲ್ಲ. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದೆನೋ ನೆನಪೂ ಇಲ್ಲ.

ಉತ್ತರ 1:
ಇವತ್ತೇ ಹೋಗಿ. ಅದಕ್ಕೂ ಮೊದಲು ಬ್ಯಾಂಡೇಜ್ ಬಿಚ್ಚಿ, ನಲ್ಲಿ ಕೆಳಗೆ ಬೆರಳು ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ ಮೇಲೆ ಬೇಡ. ಇಲಿ ಹಲ್ಲು ಸಣ್ಣದು, ಆದರೆ ಆಳಕ್ಕೆ ಇಳಿಯುತ್ತದೆ. ಮೇಲೆ ತೂತು ಬೇಗ ಮುಚ್ಚಿಕೊಂಡು ಕೊಳೆ ಒಳಗೇ ಉಳಿದುಬಿಡುತ್ತದೆ.

ನನಗೆ ಕಚ್ಚಿದ್ದು ಎಡಗೈ ಹೆಬ್ಬೆರಳಿಗೆ. ನಾಲ್ಕೇ ದಿನಕ್ಕೆ ಗಾಯ ಒಣಗಿತು, ನಾನೂ ಮರೆತೆ. ಎಂಟನೇ ದಿನ ಚಳಿ ಜ್ವರ, ವಾಂತಿ. ಆಮೇಲೆ ಮಂಡಿ, ಮಣಿಕಟ್ಟು ಊದಿ ನೀರಿನ ಲೋಟ ಎತ್ತುವುದಕ್ಕೂ ಆಗಲಿಲ್ಲ. ಅಂಗೈ, ಅಂಗಾಲಲ್ಲಿ ಕೆಂಪು ಚುಕ್ಕೆಗಳು. ಡಾಕ್ಟರ್ ವೈರಲ್ ಜ್ವರ ಅಂದರು. ಅವರದ್ದು ತಪ್ಪಲ್ಲ, ಇಲಿ ವಿಷಯ ನಾನು ಹೇಳಿದ್ದರೆ ತಾನೇ? ಎರಡನೇ ಸಲ ಹೋದಾಗ ಜೊತೆಗಿದ್ದ ತಂಗಿ ನೆನಪಿಸಿದಳು. ಅಷ್ಟು ಸಾಕಾಯಿತು, ಅವರು ಕೇಳುವ ಪ್ರಶ್ನೆಗಳೇ ಬದಲಾದವು.

ಅದು ಇಲಿ ಕಡಿತದ ಜ್ವರ. ಸ್ಟ್ರೆಪ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತದೆ, ಚೆನ್ನಾಗಿರುವ ಇಲಿಯ ಬಾಯಲ್ಲೂ ಅದು ಇರುತ್ತದೆ. ಸಾಮಾನ್ಯವಾಗಿ 3ರಿಂದ 10 ದಿನದೊಳಗೆ, ಕೆಲವರಿಗೆ 3 ವಾರದವರೆಗೂ ಎಳೆದು ಕಾಣಿಸಿಕೊಳ್ಳುತ್ತದೆ. ಪೆನ್ಸಿಲಿನ್‌ಗೆ ಬಗ್ಗುತ್ತದೆ. ಸುಮ್ನೆ ಬಿಟ್ಟರೆ ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿಗೆ ಗುರುತು ಹಾಕಿ. ಮೂರು ವಾರದೊಳಗೆ ಜ್ವರ ಬಂದರೆ ಮೊದಲು ಬಾಯಿಂದ ಬರಬೇಕಾದ ಮಾತು, ‘ಇಲಿ ಕಚ್ಚಿತ್ತು.’

ಉತ್ತರ 2:
ನಾನು ನರ್ಸ್. ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳಿಂದ ರೇಬೀಸ್ ಬರುವುದು ತುಂಬಾ ಅಪರೂಪ. ಅಡಗಿದ್ದ ಇಲಿಯ ಮೈಮೇಲೆ ಕೈ ಹೋದರೆ ಕಚ್ಚುವುದು ಸಹಜ ಅಲ್ವಾ? ಕೆಣಕದೆ ತಾನಾಗಿ ಮೈಮೇಲೆ ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ರೇಬೀಸ್ ಲಸಿಕೆ ಬೇಕೋ ಬೇಡವೋ ಅವರೇ ತೀರ್ಮಾನಿಸಲಿ. ಟಿಟಿ ಮಾತ್ರ ಮುಂದೂಡಬೇಡಿ. ಇಂಥ ಕೊಳಕು ಗಾಯಕ್ಕೆ, ಹಿಂದಿನದಾಗಿ 5 ವರ್ಷ ದಾಟಿದ್ದರೆ ಮತ್ತೆ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು:
ಹೋಗಿ ಬಂದೆ. ಪೂರ್ತಿ 15 ನಿಮಿಷ ತೊಳೆದೆ, ಸೋಪು ನೀರು ತಾಗಿ ಎರಡನೇ ತೂತು ಜಾಸ್ತಿ ಉರಿಯಿತು. ನಾನು ಅಂದುಕೊಂಡಿದ್ದಕ್ಕಿಂತ ಅದು ಆಳ ಇತ್ತಂತೆ. ಟಿಟಿ ಕೊಟ್ಟು, ಮಾತ್ರೆ ಬರೆದು, ಊತ ಬಂದರೆ ಕೂಡಲೇ ಬನ್ನಿ ಅಂದಿದ್ದಾರೆ. ರೇಬೀಸ್ ಲಸಿಕೆ ಬೇಡ ಅಂದರು. ಕ್ಯಾಲೆಂಡರಿನಲ್ಲಿ ಇವತ್ತಿನಿಂದ ಮೂರು ವಾರಕ್ಕೆ ಗೆರೆ ಎಳೆದಿದ್ದೇನೆ.