ಮಂಜಿಷ್ಠದ ಕೆಂಪು, ದಾಳಿಂಬೆಯ ಹಸಿರು: ಎರಡು ಬಣ್ಣದ ಹೆಣಿಗೆಗೆ ಈ ಜೋಡಿ ಹೊಂದುತ್ತದೆಯೇ?

ನೂಲಿನುಂಡೆ, ಧಾರವಾಡ:
ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿರುವ ನಮ್ಮ ಅತ್ತೆಯವರಿಗಾಗಿ, ಕೊರಳ ಸುತ್ತ ಹೂಬಳ್ಳಿ ಬರುವಂತಹ ಸ್ವೆಟರೊಂದನ್ನು ಹೆಣೆಯಬೇಕೆಂದು 400 ಗ್ರಾಂ ಬಿಳಿ ಮೆರಿನೊ ಉಣ್ಣೆಯ ನೂಲನ್ನು ತರಿಸಿಕೊಂಡಿದ್ದೇನೆ. ಬಣ್ಣವನ್ನು ಮನೆಯಲ್ಲಿಯೇ ಹಾಕುವ ಆಸೆ. ಸಣ್ಣ ಲಡಿಗಳಲ್ಲಿ ಪರೀಕ್ಷಿಸಿದಾಗ ಮಂಜಿಷ್ಠದ ಬೇರಿನಿಂದ ಇಟ್ಟಿಗೆಗೆಂಪು ಬಂತು. ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಚಿಟಿಕೆ ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿದಾಗ ಪಾಚಿಹಸಿರು ಬಂತು. ಎರಡು ಲಡಿಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಬಲು ಚೆನ್ನಾಗಿ ಕಾಣುತ್ತವೆ. ಆದರೆ ಅಂಗೈಯಗಲದ ಮಾದರಿಯನ್ನು ಹೆಣೆದು ಸ್ವಲ್ಪ ದೂರದಿಂದ ನೋಡಿದರೆ ಹೂವು ಯಾವುದು, ಹಿನ್ನೆಲೆ ಯಾವುದು ಎಂಬುದೇ ತಿಳಿಯುವುದಿಲ್ಲ. ಬಣ್ಣಗಳನ್ನು ಇನ್ನಷ್ಟು ಗಾಢವಾಗಿಸಬೇಕೇ, ಇಲ್ಲವೇ ಜೋಡಿಯನ್ನೇ ಬದಲಿಸಬೇಕೇ? ಹಸಿರಿನ ಬದಲು ಅರಿಸಿನದ ಹಳದಿ ಆದೀತೇ?

ಬಣ್ಣದ ಹಂಡೆ, ಶಿರಸಿ:
ಕೆಂಪು, ಹಸಿರು ಎಂಬ ಭೇದ ನಿಮ್ಮ ಮಾದರಿಯಲ್ಲಿ ಸಾಕಷ್ಟಿದೆ. ಇಲ್ಲದಿರುವುದು ತಿಳಿ ಮತ್ತು ಗಾಢದ ಅಂತರ. ಎರಡೂ ಲಡಿಗಳನ್ನು ಹಗಲ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು, ಅದನ್ನು ಕಪ್ಪು-ಬಿಳುಪಿಗೆ ಬದಲಿಸಿ ನೋಡಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ, ಎಷ್ಟೇ ನಾಜೂಕಾಗಿ ಹೆಣೆದರೂ ಬಳ್ಳಿ ಎದ್ದು ಕಾಣುವುದಿಲ್ಲ. ಹೆಣಿಗೆಯ ಒಂದೊಂದು ಕುಣಿಕೆಯೂ ಚುಕ್ಕೆಯಷ್ಟೇ ಇರುವುದರಿಂದ ದೂರದಿಂದ ನೋಡುವ ಕಣ್ಣು ಎರಡನ್ನೂ ಬೆರೆಸಿಬಿಡುತ್ತದೆ. ಲಡಿಯಲ್ಲಿ ಬಣ್ಣ ರಾಶಿಯಾಗಿ ಕಾಣುವ ಕಾರಣ ಈ ತೊಡಕು ಹೊರಬೀಳುವುದಿಲ್ಲ. ಎರಡನ್ನೂ ಗಾಢವಾಗಿಸಿದರೆ ತೊಂದರೆ ಇದ್ದಲ್ಲೇ ಇರುತ್ತದೆ.

ನನ್ನ ಸಲಹೆಯೆಂದರೆ, ಹಿನ್ನೆಲೆಗೆ ಮಂಜಿಷ್ಠದ ಗಾಢ ಕೆಂಪನ್ನು ಉಳಿಸಿಕೊಂಡು, ಹೂವಿಗೆ ಅನ್ನಭೇದಿ ಸೇರಿಸದ ದಾಳಿಂಬೆಯ ತಿಳಿಹಳದಿಯನ್ನು ಬಳಸಿ. ಬಣ್ಣ ಕಚ್ಚಿಕೊಳ್ಳಲು ಮೊದಲು 100 ಗ್ರಾಂ ನೂಲಿಗೆ 12ರಿಂದ 15 ಗ್ರಾಂ ಪಟಿಕವನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ನೂಲನ್ನು ಕುದಿ ಬಾರದಂತೆ ಒಂದು ಗಂಟೆ ಕಾಯಿಸಿ, ಅದೇ ನೀರಿನಲ್ಲಿ ಆರಲು ಬಿಡಬೇಕು. ಬಳಿಕ ನೂಲಿನಷ್ಟೇ ತೂಕದ ಮಂಜಿಷ್ಠದ ಪುಡಿಯಿಂದ ಬಣ್ಣದ ನೀರು ಸಿದ್ಧಪಡಿಸಿ, ಕಾವು 70 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಿ. ಅದಕ್ಕಿಂತ ಹೆಚ್ಚು ಕಾದರೆ ಬೇರಿನ ಕಂದು ಛಾಯೆಯೂ ಬಿಟ್ಟುಕೊಂಡು ಕೆಂಪು ಮಂಕಾಗುತ್ತದೆ. ನೂಲಿಗೆ ಬಣ್ಣ ಹಿಡಿದ ಮೇಲೆ ಆ ನೀರನ್ನು ಚೆಲ್ಲಬೇಡಿ. ಅದರಲ್ಲಿಯೇ ಇನ್ನೊಂದು ಲಡಿಯನ್ನು ಅದ್ದಿದರೆ ಅದೇ ಕೆಂಪಿನ ತಿಳಿಯಾದ ಛಾಯೆ ಸಿಗುತ್ತದೆ, ಮತ್ತು ಒಂದೇ ಬೇರಿನಿಂದ ಬಂದ ಬಣ್ಣಗಳು ಒಂದಕ್ಕೊಂದು ಜಗಳವಾಡುವುದಿಲ್ಲ. ಪಾಚಿಹಸಿರು ಬೇಕೇ ಬೇಕೆಂದಿದ್ದರೆ ತೋಳಿನ ತುದಿಗೆ ಪಟ್ಟಿಯಾಗಿ ಹೆಣೆಯಿರಿ. ಅನ್ನಭೇದಿಗೆ ಮಾತ್ರ ಚಿಟಿಕೆಯ ಲೆಕ್ಕ ಬೇಡ. ತೂಗಿ, ನೂಲಿನ ತೂಕದ ಶೇ. 2ರೊಳಗೆ ಹಾಕಿ. ಹೆಚ್ಚಾದರೆ ಉಣ್ಣೆ ಒರಟಾಗುತ್ತದೆ.

ಎರಡೆಳೆ, ಬೆಂಗಳೂರು:
ಅರಿಸಿನವನ್ನು ದಯವಿಟ್ಟು ಕೈಬಿಡಿ. ಅದು ಉಣ್ಣೆಗೆ ಸುಲಭವಾಗಿ ಹಿಡಿಯುತ್ತದೆ, ನಿಜ. ಆದರೆ ಬಿಸಿಲಿಗೆ ಬೇಗನೆ ಮಾಸುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದನ್ನು ನಾವೆಲ್ಲ ಆರತಿಯ ತಟ್ಟೆಯಲ್ಲಿ ನೋಡಿದ್ದೇವೆ. ಕ್ಷಾರ ಹೆಚ್ಚಿರುವ ಸಾಬೂನು ತಗುಲಿದರೆ ಹಳದಿ ಹೂವಿಗೂ ಅದೇ ಗತಿ. ಹಿನ್ನೆಲೆ ಕೆಂಪಾಗಿರುವುದರಿಂದ, ಹೆಣೆಯುವ ಮುನ್ನ ಲಡಿಯನ್ನು ತೊಳೆದ ನೀರು ತಿಳಿಯಾಗುವವರೆಗೂ ಜಾಲಿಸಿ, ಒದ್ದೆ ನೂಲನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟು ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿ. ತೊಳೆಯಲು ಅಂಟುವಾಳದ ನೀರು ಸಾಕು. ಬಿಸಿಯಿಂದ ತೆಗೆದ ನೂಲನ್ನು ಒಮ್ಮೆಲೇ ತಣ್ಣೀರಿಗೆ ಹಾಕಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ.

ನೂಲಿನುಂಡೆ:
ಇಬ್ಬರಿಗೂ ಧನ್ಯವಾದಗಳು. ಕಪ್ಪು-ಬಿಳುಪಿನ ಫೋಟೊದಲ್ಲಿ ಎರಡೂ ಲಡಿಗಳು ನಿಜಕ್ಕೂ ಒಂದೇ ಬೂದಾಗಿ ಕಂಡವು. ಇನ್ನೊಂದು ಸಂದೇಹವಿದೆ: ನನ್ನ ಪಾತ್ರೆಯಲ್ಲಿ ಒಮ್ಮೆಗೆ 150 ಗ್ರಾಂ ನೂಲಷ್ಟೇ ಸಡಿಲವಾಗಿ ಮುಳುಗುತ್ತದೆ. ಎರಡು ಸಲ ಹಾಕಿದ ಕೆಂಪಿನಲ್ಲಿ ವ್ಯತ್ಯಾಸ ಬಂದರೆ ಏನು ಮಾಡುವುದು?

ಬಣ್ಣದ ಹಂಡೆ, ಶಿರಸಿ:
ವ್ಯತ್ಯಾಸ ಬಂದೇ ಬರುತ್ತದೆ. ಪುಡಿಯನ್ನೆಲ್ಲ ಮೊದಲೇ ಬೆರೆಸಿಕೊಂಡು ಸಮಭಾಗ ಮಾಡಿ, ಎರಡು ಸಲವೂ ಒಂದೇ ಮೂಲದ ನೀರನ್ನು ಬಳಸಿದರೆ ಅಂತರ ಕಡಿಮೆಯಾಗುತ್ತದೆ. ಉಳಿದದ್ದನ್ನು ಹೆಣಿಗೆಯಲ್ಲಿ ಸರಿಪಡಿಸಬಹುದು: ಎರಡು ಸಾಲು ಒಂದು ಉಂಡೆಯಿಂದ, ಮುಂದಿನ ಎರಡು ಸಾಲು ಇನ್ನೊಂದರಿಂದ ಹೆಣೆಯುತ್ತಾ ಹೋದರೆ ಬೇರೆ ಬೇರೆ ಛಾಯೆಗಳು ಮೈಯೆಲ್ಲ ಹರಡಿ, ಎಲ್ಲಿಯೂ ಗೆರೆ ಕೊರೆದಂತೆ ಕಾಣುವುದಿಲ್ಲ. ತೋಳುಗಳಿಗೂ ಇದೇ ಕ್ರಮ ಇರಲಿ. ಹೂಬಳ್ಳಿಯ ಭಾಗಕ್ಕೆ ಮಾತ್ರ ಒಂದೇ ಸಲ ಬಣ್ಣ ಹಾಕಿದ ನೂಲನ್ನು ಎತ್ತಿಟ್ಟುಕೊಳ್ಳಿ. ಲಡಿಯನ್ನು ಕಟ್ಟುವ ದಾರವನ್ನು ಸಡಿಲವಾಗಿಯೇ ಬಿಡಿ. ಬಿಗಿಯಾದರೆ ಆ ಜಾಗದಲ್ಲಿ ಬಣ್ಣ ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ.