ನೀರಲ್ಲೇ ಬೆಳೆದ ಟೊಮ್ಯಾಟೊ: ಕ್ಯಾಲ್ಸಿಯಂ ಹಾಕಿದಷ್ಟೂ ಕಾಯಿಯ ತಳ ಕಪ್ಪು!

ಬಕೆಟ್‌ಬೇರು:
20 ಲೀಟರಿನ ಎರಡು ಬಕೆಟ್, ಒಂದೊಂದರಲ್ಲಿ ಒಂದೊಂದು ಟೊಮ್ಯಾಟೊ ಗಿಡ. ಮಣ್ಣಿಲ್ಲ, ಬೇರುಗಳೆಲ್ಲ ಪೋಷಕಾಂಶದ ದ್ರಾವಣದಲ್ಲಿ ಇಳಿಬಿದ್ದಿವೆ, ಗಾಳಿ ಪಂಪು ಹಗಲೂ ರಾತ್ರಿ ಗುಳುಗುಳು ಅಂತಿರುತ್ತೆ. ಹೋಗ್ಲಂಡ್ ಸೂತ್ರದ (ಮಣ್ಣಿಲ್ಲದೆ ಗಿಡ ಬೆಳೆಸೋ ದ್ರಾವಣದ ಹೆಸರಾಂತ ಪಾಕ) ಪ್ರಕಾರ ಉಪ್ಪುಗಳನ್ನು ನಾನೇ ತೂಗಿ ಕಲಸಿದ್ದು. ಗಿಡ ನನ್ನೆತ್ತರಕ್ಕೆ ಬಂದಿದೆ, ಎಲೆ ಕಡುಹಸಿರು, ನೋಡಿದರೆ ದೃಷ್ಟಿ ತಾಕಬೇಕು. ಆದರೆ ಮೊದಲ ಗೊಂಚಲಿನ 7 ಕಾಯಲ್ಲಿ 5ರ ತಳ ಕಪ್ಪಾಗಿ, ಒಣಗಿ, ಒಳಕ್ಕೆ ಕುಸಿದಿದೆ. ಕ್ಯಾಲ್ಸಿಯಂ ಕೊರತೆ ಅಂತ ಓದಿ ಮೂರು ಸಲ ಚಮಚದಷ್ಟು ಕ್ಯಾಲ್ಸಿಯಂ ನೈಟ್ರೇಟ್ ಸುರಿದೆ. ಎರಡನೇ ಗೊಂಚಲು ಇನ್ನೂ ಕೆಟ್ಟಿತು. ಪಿಎಚ್ 6ರ ಆಸುಪಾಸು. ಇಸಿ (ದ್ರಾವಣದಲ್ಲಿ ಉಪ್ಪು ಎಷ್ಟಿದೆ ಅನ್ನೋ ಅಳತೆ) 2.1ರಲ್ಲಿ ಶುರು ಮಾಡಿದ್ದು, ಇವತ್ತು 4.3 ತೋರಿಸ್ತಿದೆ. ನೀರು ಇಳಿದಾಗಲೆಲ್ಲ ಅದೇ ದ್ರಾವಣ ತುಂಬಿಸ್ತೀನಿ. ಇನ್ನೇನು ಹಾಕಲಿ?

ಹಸಿರುಕುಡಿ:
ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಎಲೆಗೆ ಸಿಂಪಡಿಸಿ ನೋಡಿ.

ಹಳೇಪಂಪು:
ಹಸಿರುಕುಡಿ ಅವರೇ, ಎಲೆಗೆ ಬಿದ್ದ ಕ್ಯಾಲ್ಸಿಯಂ ಎಲೆಯಲ್ಲೇ ಕೂರುತ್ತೆ, ಅಲ್ಲಿಂದ ಇಳಿದು ಕಾಯಿಗೆ ಬರಲ್ಲ.

ಬಕೆಟ್‌ಬೇರು, ನಿಮ್ಮ ಪ್ರಶ್ನೆಗೆ ಉತ್ತರ: ಏನೂ ಹಾಕಬೇಡಿ. ಆ ಸೂತ್ರದಲ್ಲಿ ಲೀಟರಿಗೆ 160ರಿಂದ 200 ಮಿಲಿಗ್ರಾಂ ಕ್ಯಾಲ್ಸಿಯಂ ಮೊದಲೇ ಇದೆ. ಕಣಜ ತುಂಬಿದೆ, ಹೊತ್ತು ತರೋರಿಲ್ಲ ಅಷ್ಟೆ. ಕ್ಯಾಲ್ಸಿಯಂ ಬೇರಿಂದ ಮೇಲಕ್ಕೆ ಹೋಗೋದು ನೀರಿನ ಜೊತೆಗೆ. ಹಗಲೆಲ್ಲ ಆವಿ ಬಿಡೋದು ಎಲೆ, ಹಾಗಾಗಿ ನೀರನ್ನು ಎಳೆದುಕೊಳ್ಳೋದೂ ಅದೇ. ಕಾಯಿಯ ಸಿಪ್ಪೆಯಿಂದ ಆವಿ ಹೋಗೋದು ತೀರಾ ಕಮ್ಮಿ, ಅದರ ಪಾಲಿಗೆ ಸಿಗೋದೂ ಕಮ್ಮಿ, ತಳದ ತುದಿಗಂತೂ ಕಟ್ಟಕಡೆಗೆ. ರಾತ್ರಿ ಎಲೆ ಸುಮ್ಮನಾದ ಮೇಲೆ ಬೇರಿನ ಒತ್ತಡದಿಂದ ಕಾಯಿಗೆ ಒಂದಿಷ್ಟು ಏರುತ್ತೆ. ಇಸಿ 4.3 ಅಂದರೆ ದ್ರಾವಣ ಉಪ್ಪುಪ್ಪು, ಬೇರಿಗೆ ನೀರು ಎಳೆಯೋದೇ ಕಷ್ಟ. ನೀವು ಹಾಕಿದ ಒಂದೊಂದು ಚಮಚವೂ ಆ ದಾರಿಗೆ ಇನ್ನೊಂದು ಕಲ್ಲು.

ಇಸಿ ಏರಿದ್ದು ಬರೀ ಚಮಚದಿಂದಲ್ಲ. ಬಿಸಿಲಿದ್ದಾಗ ಗಿಡ ಉಪ್ಪಿಗಿಂತ ನೀರನ್ನೇ ಹೆಚ್ಚು ಕುಡಿಯುತ್ತೆ, ಉಳಿದದ್ದು ಗಟ್ಟಿಯಾಗ್ತಾ ಹೋಗುತ್ತೆ. ನೀವು ಅದರ ಮೇಲೆ ಪೂರ್ತಿ ಬಲದ ದ್ರಾವಣವನ್ನೇ ಸುರೀತಿದ್ದೀರಿ. ಇಸಿ ಏರಿದ್ದರೆ ಬರೀ ನೀರು, ಇಳಿದಿದ್ದರೆ ಮಾತ್ರ ದ್ರಾವಣ. ಈಗಿರೋದನ್ನು ಪೂರ್ತಿ ಚೆಲ್ಲಿ ಹೊಸದು ಮಾಡಿ.

ಒಂದು ಅನುಮಾನ: ಬಕೆಟ್ ತಳದಲ್ಲಿ ಬಿಳಿ ಗಸಿ ಇದೆಯಾ? ದ್ರಾವಣದ ಉಷ್ಣಾಂಶ ನೋಡಿದ್ದೀರಾ?

ಬಕೆಟ್‌ಬೇರು:
ಗಸಿ ಇದೆ! ಸುಣ್ಣದ ಥರ. ಮಧ್ಯಾಹ್ನ 29 ಡಿಗ್ರಿ. ಬಕೆಟ್ ಕಪ್ಪು ಬಣ್ಣದ್ದು, ಪಾಚಿ ಕಟ್ಟಬಾರದು ಅಂತ.

ಹಳೇಪಂಪು:
ಗಸಿ ನೋಡಿದರೆ ನೀರಿಗೆ ಬೆರೆಸೋ ಮೊದಲಿನ ಗಟ್ಟಿ ದ್ರಾವಣಗಳನ್ನು ಒಂದೇ ಬಾಟಲಿಯಲ್ಲಿ ಬೆರೆಸಿದ್ದೀರಿ ಅನ್ಸುತ್ತೆ. ಕ್ಯಾಲ್ಸಿಯಂ ನೈಟ್ರೇಟಿಗೆ ಸಲ್ಫೇಟು, ಫಾಸ್ಫೇಟುಗಳ ಸಹವಾಸ ಗಟ್ಟಿಯಲ್ಲಿ ಆಗಲ್ಲ, ಜಿಪ್ಸಂ, ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳ ಸೇರುತ್ತೆ. ಎರಡು ಬಾಟಲಿ ಇಟ್ಟುಕೊಳ್ಳಿ. ಬಕೆಟ್ಟಿನ ತುಂಬಾ ನೀರಿಗೆ ಒಂದನ್ನು ಹಾಕಿ ಕದಡಿದ ಮೇಲೇ ಇನ್ನೊಂದು. ನಾನು ಮೊದಲ ವರ್ಷ ಎಲ್ಲವನ್ನೂ ಒಂದೇ ಕ್ಯಾನಿಗೆ ಸುರಿದು, ಮಜ್ಜಿಗೆ ಮಾಡಿಟ್ಟು, ಅದನ್ನೇ ಮೂರು ತಿಂಗಳು ಗಿಡಕ್ಕೆ ಕುಡಿಸಿದ್ದೆ.

ಕಪ್ಪು ಬಕೆಟ್ಟಿಗೆ ಹೊರಗಿಂದ ಬಿಳಿ ಬಟ್ಟೆ ಸುತ್ತಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ, ಉಸಿರು ಕಟ್ಟಿದ ಬೇರು ನೀರೆಳೆಯಲ್ಲ. 20-22 ಡಿಗ್ರಿಗೆ ಇಳಿದರೆ ಒಳ್ಳೇದು. ಬೇರು ಕಂದಾಗಿ ಲೋಳೆ ಬಂದಿದ್ದರೆ ಕೊಳೆರೋಗ ಶುರುವಾಗಿರಬಹುದು, ಅದು ಬೇರೆಯೇ ತಲೆನೋವು.

ಬಕೆಟ್‌ಬೇರು (ಮೂರು ವಾರದ ನಂತರ):
ಬೇರು ಬೆಳ್ಳಗೇ ಇತ್ತು, ಬಚಾವಾದೆ. ಹೊಸ ದ್ರಾವಣ 2.0ಕ್ಕೆ ಮಾಡಿದೆ, ದಿನಾ ಬರೀ ನೀರು ತುಂಬಿಸಿದೆ, ಬಟ್ಟೆ ಸುತ್ತಿದ ಮೇಲೆ ಮಧ್ಯಾಹ್ನ 24 ಡಿಗ್ರಿ. ಮೂರನೇ ಗೊಂಚಲಲ್ಲಿ ಒಂದೇ ಒಂದು ಕಾಯಿ ಕೆಟ್ಟಿದೆ, ನಾಲ್ಕನೇದು ಈವರೆಗೆ ಶುದ್ಧ. ಹಳೇ ಕಪ್ಪು ಕಾಯಿ ಸರಿಹೋಗ್ತಾವಾ, ಕಿತ್ತು ಬಿಸಾಕಲಾ?

ಹಳೇಪಂಪು:
ಸತ್ತ ಜಾಗ ಮತ್ತೆ ಚಿಗುರಲ್ಲ. ಕಿತ್ತುಬಿಡಿ, ಉಳಿದ ಕಾಯಿಗಾದರೂ ಬಲ ಹೋಗಲಿ. ಎಲೆ-ಕಾಂಡದ ಸಂದಿಯಲ್ಲಿ ಬರೋ ಕಂಕುಳ ಚಿಗುರನ್ನೂ ಚಿವುಟುತ್ತಿದ್ದೀರಿ ತಾನೇ?

ಬಕೆಟ್‌ಬೇರು:
ಅದನ್ನು ಚಿವುಟಬೇಕಾ?!